ಮಂಚಮ್ಮನ ಮಚ್ಚಿನ ಮಂಕರಿ

ಬಾಳಾ ಹಿಂದ್ಲ ಮಾತು ಕಣ್ರಯ್ಯ, ಹೊಂಗೆಕೊಪ್ಪಲು ಅಂತ ಒಂದೂರು. ಯಾವ ಇಸ್ವಿ ಅಂತ ಕೇಳ್ಬ್ಯಾಡಿ, ಇಂಜಿನಿಯರಿಂಗ್ ಓದೋರಿಗೆ ಮೊದ್ಲು ಅದೇ ಚಿಂತೆ. ಕಾರ್ಖಾನೆ ಹಾಕ್ತೀವಿ, ಜನಕ್ಕೆ ಕೆಲ್ಸ ಕೊಡ್ತೀವಿ, ಅದ್ನ ಹೆಂಗೆ ನಡ್ಸೋದು ಹೇಳಿ ತಾತ ಅಂತ ತಾನೆ ಬಂದಿರೋದು? ಹಂಗಾದ್ರೆ ಫೋನು ಜೋಬಿಗೆ ಹಾಕ್ಕಂಡು ಕೂತ್ಕಳಿ. ಮಂಚಮ್ಮನ ಕತೆ ನನ್ನಂಗೆ ಹೇಳೋನು ಈ ಸೀಮೇಲೇ ಇಲ್ಲ. ಇದ್ದಾನೆ ಅಂತ ಯಾವನಾರ ಅಂದ್ರೆ ಅವ್ನು ಸುಳ್ಳುಗಾರ.

ಆ ಊರಲ್ಲಿ ಮೊದ್ಲು ಆಲೆಮನೆ ಹಾಕಿ ಬೆಲ್ಲ ಕಾಯ್ಸಿದೋಳೇ ಈ ಮಂಚಮ್ಮ. ಗಂಡ ಇಲ್ಲ, ಮಕ್ಳಿಲ್ಲ. ಒಬ್ಬ ಅಣ್ಣ ಇದ್ದ, ಸಿಂಗ್ರೇಗೌಡ. ತವರು ಅಂದ್ರೆ ಅವ್ನೊಬ್ನೇಯ. ಕತ್ತಿನ ಒಡವೆ ಬಿಚ್ಚಿಟ್ಟು ಗಾಣ ತಂದ್ಳು, ಕೊಪ್ಪರಿಗೆ ತಂದ್ಳು, ಗುಂಡಿ ತೋಡ್ಸಿ ಒಲೆ ಹಾಕ್ಸಿದ್ಳು. ಒಲೆ ಹೊಗೆ ಮೂಸಿನೋಡಿ ಇದು ಇಂಥೋರ ಗದ್ದೆ ಕಬ್ಬು ಅಂತಿದ್ಳಂತೆ. ಅವ್ಳು ಬೈದ್ರೆ ಕಾಲ್ವೆ ಆಚೆ ಉಳೋ ಎತ್ತು ಗಕ್ಕಂತ ನಿಂತ್ಬಿಡ್ತಿದ್ವಂತೆ. ಹಂಗಂತಾರೆ.

ಬೈದೆ ಇನ್ನೇನ್ ಮಾಡ್ತಾಳೆ? ಇರೋದು ಒಂದು ಗಾಣ, ಒಂದು ಕೊಪ್ಪರಿಗೆ. ಕಬ್ಬು ಊರೋರ್ದೆಲ್ಲ. ಯಾವನು ಮುಂಚೆ ಕಡ್ದು ತಂದು ಆಲೆಮನೆ ಬಾಗ್ಲಲ್ಲಿ ಒಟ್ತಾನೋ ಅವ್ನ ಪಾಳಿ ಮೊದ್ಲು ಅಂತ ಜನವೇ ಮಾಡ್ಕಂಡಿದ್ರು. ಇನ್ನೇನು, ಕೋಳಿ ಕೂಗಾಕಿಲ್ಲ, ಊರಿಗೆ ಊರೇ ಮಚ್ಚು ಹಿಡ್ಕಂಡು ಗದ್ದೇಗೆ! ಆಲೆಮನೆ ಮುಂದೆ ಗುಡ್ಡದಂಗೆ ಕಬ್ಬು. ಕಡ್ದ ಕಬ್ಬು ಕಾಯ್ತದಾ? ಬಿಸ್ಲಿಗೆ ಒಣಗಿ ಹಾಲು ಹುಳಿ ಆಗೋದು, ಬೆಲ್ಲ ಅಚ್ಚು ಕಟ್ಟದೆ ಕೆಸರಂಗೆ ಕೂತ್ಕಳೋದು. ಕೊನೆಗೆ ಬೈಗುಳ ಯಾರಿಗೆ? ಮಂಚಮ್ಮಂಗೆ. ನಿನ್ನ ಒಲೆ ಸರಿ ಇಲ್ಲ ಅನ್ನೋನೊಬ್ಬ, ಇನ್ನೊಂದು ಗಾಣ ತಕ್ಕಂಡ್ಬಾ ಅನ್ನೋನೊಬ್ಬ. ಪಕ್ಕದೂರ ಆಲೆಮನೆಗೇ ಹೋಗ್ತೀವಿ ಅಂತ ಎದ್ದೋರೂ ಉಂಟು.

ಮೊದ್ಲು ಅವ್ಳೂ ಎಡವಿದ್ಳು ಅಂತಾರೆ. ಎತ್ತು ಬದ್ಲಾಯ್ಸಿದ್ಳು, ಒಲೆ ಉರಿ ಜಾಸ್ತಿ ಮಾಡಿದ್ಳು, ಊಟ ನಿದ್ದೆ ಬಿಟ್ಟು ತಾನೇ ಗಾಣಕ್ಕೆ ಕಬ್ಬು ಕೊಟ್ಟಳು. ಏನೂ ಆಗ್ನಿಲ್ಲ. ಒಂದಿನ ಸಾಕಾಗಿ ಆ ಗುಡ್ಡದ ಮುಂದೆ ಕುಕ್ಕರ್ಸಿದ್ಳಂತೆ. ನೋಡ್ತಾ ನೋಡ್ತಾ ಹೊಳೀತು. ಥೂ, ರೋಗ ಒಲೇಲಿಲ್ಲ, ಗದ್ದೇಲಿ ಐತೆ!

ಎದ್ದೋಳೇ ಒಂದು ಮಂಕರಿ, ಅದೇ ಬಿದಿರು ಬುಟ್ಟಿ, ಸೊಂಟಕ್ಕಿಟ್ಕಂಡು ಮನೆಮನೇಗೆ ಹೋದ್ಳು. ತರ್ರೋ ಮಚ್ಚು ಅಂದ್ಳು. ಊರ್ನಲ್ಲಿರೋ ಕಬ್ಬು ಕಡಿಯೋ ಮಚ್ಚೆಲ್ಲ ಆ ಒಂದು ಮಂಕರೀಲಿ. ಕೊಪ್ಪರಿಗೆ ಖಾಲಿ ಆಗೋ ಹೊತ್ಗೆ ಮಂಕರಿ ಒಂದು ಮನೇಗೆ ಹೋಗ್ತದೆ, ಮಂಕರಿ ಬಂದ ಮನೆಯೋನು ಕಡೀತಾನೆ, ಮಿಕ್ಕೋರು ಸುಮ್ನೆ ಕೂತ್ಕತಾರೆ. ಪಾಳಿ ಬೀದಿ ಸಾಲಿನ ಪ್ರಕಾರ. ಅವ್ಳ ಗದ್ದೆ ಎಲ್ಲಾರ್ಗಿಂತ ಕೊನೆ. ಅದೇ ಗಾಣ, ಅದೇ ಒಲೆ, ಬೆಲ್ಲ ಮಾತ್ರ ಚಿನ್ನದಂಗೆ ಬಂತಂತೆ.

ಊರು ಒಪ್ತು. ಒಪ್ಪದೋನು ಯಾರು? ಸ್ವಂತ ಅಣ್ಣ. ಸಿಂಗ್ರೇಗೌಡನ ಮನೆ ಬೀದಿ ಕಡೇಲಿತ್ತು. ತಂಗಿ ಆಲೆಮನೇಲಿ ನಾನು ಕಾಯ್ಬೇಕಾ ಅಂತ ಉರ್ಕಂಡು, ಪಕ್ಕದೂರ್ನಲ್ಲಿ ಹೊಸ ಮಚ್ಚು ಬಡ್ಸಿ, ಗದ್ದೆ ಪೂರಾ ಕಡ್ದು, ಗಾಡಿ ತುಂಬ್ಕಂಡು ಬಂದೇಬಿಟ್ಟ. ಊರೆಲ್ಲ ಬಂದು ನಿಂತ್ಕತು. ಮಂಚಮ್ಮಂಗೆ ಗೊತ್ತು, ಈ ಗಾಡಿ ಒಳಕ್ಕೆ ಹೋದ್ರೆ ನಾಳೆ ಎಲ್ಲಾರೂ ಮಚ್ಚು ಬಡುಸ್ತಾರೆ. ವಾಪಸ್ ಹೋದ್ರೆ ತವರು ಮುಗೀತು. ಎತ್ತಿಗೆ ಬೈದ್ಳಂತೆ, ಗಾಡಿ ಚಕ್ರಕ್ಕೆ ಬೈದ್ಳಂತೆ, ಅಣ್ಣಂಗೆ ಮಾತ್ರ ಬೈಲಿಲ್ಲ.

"ಗಾಡಿ ತಿರ್ಗ್ಸು ಅಣ್ಣಯ್ಯ."

"ಇವತ್ತಿಂದ ನಿಂಗೆ ತವರಿಲ್ಲ ಕಣಮ್ಮಿ," ಅಂದು ಅವ್ನು ತಿರುಗ್ಸಿದ.

ಆ ಕಬ್ಬು ಅವ್ನ ಹಿತ್ಲಲ್ಲಿ ಒಣಗಿ ಕಡ್ಡಿ ಆಯ್ತು. ದನಾನೂ ಮೂಸ್ನಿಲ್ಲ.

ಕೊನೆಗೆ ಅವ್ನ ಪಾಳಿ ಬಂತು. ಕಡಿಯಾಕೆ ಏನೈತೆ, ಮಣ್ಣು? ಬಾಗ್ಲು ಹಾಕ್ಕಂಡು ಒಳಗೆ ಕೂತಿದ್ದ. ಮಂಕರಿ ಹೊತ್ಕಂಡು ಬಂದೋಳು ಯಾರು ಅಂತೀರಿ? ಮಂಚಮ್ಮನೇಯ. ಜಗ್ಲಿ ಮೇಲೆ ಧಡಾರಂತ ಇಟ್ಳು. ಮಚ್ಚಿನ ಮೇಲೆ ಒಂದು ಉಂಡೆ ಬಿಸಿ ಬೆಲ್ಲ. ನನ್ನ ಗದ್ದೆ ಹಂಗೇ ನಿಂತೈತೆ, ಇವತ್ತು ನಿನ್ನ ಪಾಳಿ, ಹೋಗಿ ಅದ್ನ ಕಡ್ಕ ಅಂದ್ಳು. ಅವ್ನು ಬಾಗ್ಲು ತೆಗ್ದ. ತೆಗ್ದು ಕಂಬದಂಗೆ ನಿಂತ. ಅಂಗೆ ನಿಂತಿದ್ದು ನೋಡಿ ಅವ್ಳಿಗೆ ರೇಗೋಯ್ತು.

"ತಕ್ಕಂಡೋಗು ಅತ್ಲಾಗೆ! ನನ್ನ ಪ್ರಾಣ ತಿನ್ನಾಕೇ ಹುಟ್ಟಿದ್ದೀರ ಎಲ್ಲಾರೂ!"

ಸಿಂಗ್ರೇಗೌಡ ಮಂಕರಿ ಎತ್ಕಂಡ.

ಆ ವರ್ಷ ಮಂಚಮ್ಮಂಗೆ ಒಂದಚ್ಚು ಬೆಲ್ಲ ಉಳೀನಿಲ್ಲ. ಸಂಕ್ರಾಂತಿ ದಿನ ಊರೋರೆಲ್ಲ ಒಂದೊಂದು ಉಂಡೆ ತಂದಿಟ್ಟು, ರಾಶಿ ಹೆಂಚು ಮುಟ್ತಂತೆ. ಹೆಂಚು ಅನ್ನೋದು ಸ್ವಲ್ಪ ಜಾಸ್ತಿ ಆಯ್ತೇನೋ. ಇರ್ಲಿ, ನನ್ನ ಬಾಯಲ್ಲಿ ಅಷ್ಟಾದ್ರೂ ಬ್ಯಾಡ್ವಾ?

ಇವತ್ಗೂ ಹೊಂಗೆಕೊಪ್ಪಲಿನಲ್ಲಿ ಪಾಳಿ ಮುಗ್ದೋನು ಮುಂದಿನ ಮನೇಗೆ ಮಂಕರಿ ಹೊತ್ಕಂಡು ಹೋಗ್ತಾನೆ, ಮೇಲೆ ಒಂದುಂಡೆ ಬಿಸಿ ಬೆಲ್ಲ ಇಟ್ಟು. ಮಂಚಮ್ಮನ ಗದ್ದೇನ ಊರೋರೇ ಕೂಡಿ ಬೆಳೀತಾರೆ. ಅದ್ನ ಕಡಿಯೋದು ಕೊನೇಗೆ. ಆ ವರ್ಷ ಯಾರ ಕಬ್ಬು ಕೆಟ್ಟಿರ್ತದೋ ಅವ್ರಿಗೆ ಅದು. ಮಂಕರಿ ತಂದೋನು ಅಳಿಯನೇ ಆಗ್ಲಿ ಬೀಗರೇ ಆಗ್ಲಿ, ಜಗ್ಲಿ ಮೇಲೆ ಧಡಾರಂತ ಇಟ್ಟು, ಮಂಚಮ್ಮ ಅಣ್ಣಂಗೆ ಬೈದ ಆ ಮಾತಲ್ಲೇ ಬೈಬೇಕು. ಬೈಸ್ಕಳ್ದೆ ಯಾವನೂ ಮಂಕರಿ ಮುಟ್ಟಾಕಿಲ್ಲ.