ಚಹಾ ಬಾರದ ಮನೆ

“ಅಜ್ಜಾರೇ, ನಾಳೆ ನಾನು ಊರೂರಿಗೆ ಹೊರಡುತ್ತೇನೆ. ಜನ ನನ್ನ ಮಾತು ಕೇಳಬೇಕಾದರೆ ಏನು ಮಾಡಬೇಕು?”

ಶಿಷ್ಯ ಇದನ್ನು ಕೇಳಿದ್ದು ಕೂತ ಮೇಲಲ್ಲ, ಬರುಬರುತ್ತಲೇ. ಅಂಗಳದಲ್ಲಿ ಗುರುಗಳ ಊರುಗೋಲು ಬಿದ್ದಿತ್ತು. ಅದನ್ನು ದಾಟಿ ಬಂದು ಕಟ್ಟೆಯ ಕೆಳಗೆ ಕೂತ. ಬಂದವರಿಗೆಲ್ಲ ಎದ್ದು ಹೋಗಿ ಚಹಾ ಕಾಸಿಕೊಡುವ ಗುರುಗಳು ಅಂದು ಕಟ್ಟೆಯಿಂದ ಏಳಲಿಲ್ಲ. ಬೇಗ ಉತ್ತರ ಸಿಗುತ್ತದೆ ಎಂದು ಶಿಷ್ಯನಿಗೆ ಸಮಾಧಾನವೇ ಆಯಿತು.

“ಮಾತು ಕೇಳಿಸುವ ವಿದ್ಯೆಯನ್ನು ನನ್ನ ಹತ್ತಿರವೇ ಕೇಳಬೇಕು,” ಎಂದರು ಗುರುಗಳು. “ನಾನು ಅಕ್ಷರ ಕಲಿತವನಲ್ಲ. ಆದರೆ ಒಮ್ಮೆ ಮಲಪ್ರಭೆಯ ದಡದಲ್ಲಿ ಮಾತಿಗೆ ನಿಂತೆ ನೋಡು, ಹರಿಯುವ ಹೊಳೆ ನಿಂತು ಕೇಳಿತು. ಕೆಳಗಿನ ಊರಿನವರು ನೀರು ಬರಲಿಲ್ಲವೆಂದು ಬಡಿಗೆ ಹಿಡಿದು ಬಂದರು. ಬಂದವರೂ ಕೂತು ಕೇಳಿದರು. ಕಡೆಗೆ ನಾನೇ ಹೊಳೆಯನ್ನು ಗದರಿಸಿ ಕಳಿಸಬೇಕಾಯಿತು. ಸುಳ್ಳೆನಿಸಿದರೆ ಹೋಗಿ ಹೊಳೆಯನ್ನೇ ಕೇಳು.”

ಶಿಷ್ಯ ನಕ್ಕ. “ಹೊಳೆಯದು ಬೇಡ ಅಜ್ಜಾರೇ, ಮನುಷ್ಯರದು ಹೇಳಿ.”

“ಹಾಗಾದರೆ ಕೇಳು,” ಎಂದು ಗುರುಗಳು ಶುರುಮಾಡಿದರು.

ದೂರದ ಅಮೆರಿಕದಿಂದ ಒಬ್ಬ ಯುವಕ ನಮ್ಮ ಸೀಮೆಗೆ ಬಂದ. ಮಾರ್ಮನ್ ಎಂಬ ಪಂಥದವನು. ಆ ಪಂಥದ ಹುಡುಗರು ಮೀಸೆ ಚಿಗುರುವ ವಯಸ್ಸಿಗೆ ಮನೆ ಬಿಡುತ್ತಾರೆ. ಗುರುತಿಲ್ಲದ ದೇಶಕ್ಕೆ ಹೋಗಿ, ಬಾಗಿಲು ಬಾಗಿಲಿಗೆ ತಿರುಗಿ ತಮ್ಮ ದೇವರ ಮಾತು ಹೇಳುತ್ತಾರೆ. ಬಿಳಿ ಅಂಗಿ, ಕಪ್ಪು ಟೈ, ಎದೆಗೊಂದು ಬಿಲ್ಲೆ. ಬಿಲ್ಲೆಯ ಮೇಲೆ ಹೆಸರಿಗಿಂತ ಮೊದಲು ‘ಹಿರಿಯ’ ಎಂದಿರುತ್ತದೆ. ಗಲ್ಲದ ಮೇಲೆ ಕೂದಲಿಲ್ಲ, ಆದರೂ ಹಿರಿಯ. ಒಬ್ಬನೇ ತಿರುಗುವಂತಿಲ್ಲ, ಜೊತೆಗಾರ ಬಗಲಲ್ಲೇ ಇರಬೇಕು. ಹೆಂಗಸು ಒಬ್ಬಳೇ ಇರುವ ಮನೆಯೊಳಗೆ ಕಾಲಿಡುವಂತಿಲ್ಲ. ಚಹಾ ಕುಡಿಯುವಂತಿಲ್ಲ. ಹೊರಡುವಾಗ, “ಏನಾದರೂ ಕೆಲಸ ಮಾಡಿಕೊಡೋಣವೇ?” ಎಂದು ಕೇಳುತ್ತಾರೆ. ಹೇಳಿದರೆ ಸೌದೆ ಒಡೆದುಕೊಡುತ್ತಾರೆ, ಗೋಡೆಗೆ ಸುಣ್ಣ ಬಳಿದುಕೊಡುತ್ತಾರೆ. ಒಳ್ಳೆಯ ಹುಡುಗರು.

ಯುವಕನ ಕಷ್ಟ ಚಹಾದಿಂದಲೇ ಶುರುವಾಗುತ್ತಿತ್ತು. ನಮ್ಮ ಕಡೆ ಹೊಸ್ತಿಲು ದಾಟಿದವನ ಕೈಗೆ ಮೊದಲು ಬರುವುದೇ ಅದು. ಅವನು ಬೇಡ ಎನ್ನುತ್ತಿದ್ದ. ಮನೆಯವರ ಮುಖ ಸಣ್ಣದಾಗುತ್ತಿತ್ತು. “ನಮ್ಮ ಚಾ ಕುಡೀದವನ ದೇವರು ನಮಗ್ಯಾಕ?” ಎಂದು ಒಬ್ಬ ಮುದುಕ ಎದ್ದೇ ಹೋದ. ಮಾತಿನ ನಡುವೆ ಉಸಿರಾಡಲು ನಿಂತರೆ ಸಾಕು, “ಆತು, ಇನ್ನೊಮ್ಮೆ ಬರ್ರಿ” ಎಂದು ಎಬ್ಬಿಸಿಬಿಡುತ್ತಿದ್ದರು. ಅದಕ್ಕೆ ಅವನು ನಿಲ್ಲಿಸದೆ ಮಾತಾಡುವುದನ್ನು ಕಲಿತ. ಎಷ್ಟು ಕಲಿತನೆಂದರೆ, ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಲು ಸಂದಿ ಸಿಗದೆ ಮನೆ ಬಿಟ್ಟು ಹೋಗುತ್ತಿತ್ತು. ಆದರೂ ತನ್ನ ದೇಶಕ್ಕೆ ಮರಳುವ ಕಾಲ ಹತ್ತಿರ ಬಂದಾಗ, ಅವನ ಮಾತನ್ನು ಕೊನೆತನಕ ಕೇಳಿದ ಜೀವ ಒಂದೂ ಇರಲಿಲ್ಲ. ಬರಿಗೈಯಲ್ಲಿ ಹೋಗಿ ತಂದೆಗೆ ಏನು ಹೇಳಲಿ ಎಂಬುದು ಅವನ ಚಿಂತೆ.

ಒಂದು ಬೆಳಿಗ್ಗೆ ಜೊತೆಗಾರನೊಂದಿಗೆ ಒಂದು ಓಣಿಯ ತುದಿಯ ಮನೆಯ ಬಾಗಿಲು ತಟ್ಟಿದ. ಆ ಮನೆಯವರು ಹಿತ್ತಲ ಗೋಡೆಯ ಜಗಳದಲ್ಲಿ ಇಡೀ ಓಣಿಯ ಜೊತೆ ಮಾತು ಬಿಟ್ಟವರು. ಇವನಿಗೆ ಅದು ತಿಳಿಯದು. ಮುದುಕಿಯೊಬ್ಬಳು ಬಾಗಿಲು ತೆಗೆದಳು.

“ಬಂದ್ರ್ಯಾ ಯಪ್ಪಾ? ಬರ್ರಿ, ಲಗೂನ ಒಳಗ ಬರ್ರಿ.”

ಯಾರೂ ಅವನನ್ನು ಹೀಗೆ ಕರೆದಿರಲಿಲ್ಲ. ಆದರೂ ನಿಯಮ ಬಿಡಲಿಲ್ಲ. ಪುಸ್ತಕದಿಂದ ಕಲಿತ ಕನ್ನಡದಲ್ಲಿ ಕೇಳಿದ:

“ಅಮ್ಮನವರೇ, ಮನೆಯಲ್ಲಿ ಗಂಡಸರು ಇರುವರೇ?”

“ಅದಾರ. ಒಳಗ ಅದಾರ. ಅವರ ಸಲುವಾಗೇ...”

“ಹಾಗಾದರೆ ಒಳಗೆ ಬರುವೆವು. ತಾವು ಮೊದಲು ನಮ್ಮ ಮಾತು ಕೇಳಬೇಕು.”

ಇಬ್ಬರೂ ಪಡಸಾಲೆಯಲ್ಲಿ ಕೂತರು. ಚಹಾ ಬರಲಿಲ್ಲ. ನೀರೂ ಬರಲಿಲ್ಲ. ಬೇಡ ಎನ್ನುವ ಪ್ರಸಂಗವೇ ಇಲ್ಲ. ದೇವರೇ ದಾರಿ ಸುಗಮ ಮಾಡಿದ ಎಂದುಕೊಂಡ ಯುವಕ. ಮಾತು ಶುರುಮಾಡಿದ. ಮುದುಕಿ ಮತ್ತೆ ಬಾಯಿ ತೆರೆದಳು. ಅವನು ಸಂದಿ ಕೊಡಲಿಲ್ಲ. ಆಮೇಲೆ ಅವಳು ಸುಮ್ಮನೆ ಕೂತಳು. ಗಂಡ ಹೆಂಡಿರ ನಂಟು ಸಾವಿಗೆ ಮುಗಿಯುವುದಿಲ್ಲ, ಸತ್ತ ಮೇಲೂ ಅವರು ಜೊತೆಗಿರುತ್ತಾರೆ ಎಂದ. ಮುದುಕಿಯ ಕಣ್ಣಲ್ಲಿ ನೀರು ಬಂತು. ಯುವಕ ಹಿಗ್ಗಿದ. ಅಂತೂ ಒಂದು ಎದೆ ಕರಗಿತು ಎಂದು ದನಿ ಏರಿಸಿದ.

ಬಿಸಿಲು ಹೊಸ್ತಿಲಿಗೆ ಬಂದಾಗ ಮಾತು ಮುಗಿಯಿತು. ಎದ್ದು ನಿಂತ. ರೂಢಿಯಂತೆ ಕೇಳಿದ:

“ಅಮ್ಮನವರೇ, ತಮಗೆ ಏನಾದರೂ ಕೆಲಸ ಮಾಡಿಕೊಡೋಣವೇ?”

ಮುದುಕಿ ಅವನ ಎರಡೂ ಕೈ ಹಿಡಿದಳು.

“ಇದನ್ನ ಯಾವಾಗ ಕೇಳ್ತಿ ಅಂತ ಕುಂತಿದ್ದೆ ಯಪ್ಪಾ. ನಮ್ಮನಿಯವರು ನಸುಕಿನ್ಯಾಗ ತೀರಿಕೊಂಡ್ರು. ಮಂಚದ ಮ್ಯಾಲಿಂದ ಜಾರಿ ನೆಲಕ್ಕ ಬಿದ್ದಾರ. ಓಣ್ಯಾಗ ಕರದೆ, ಯಾರೂ ಬಾಗಲಾ ತಗೀಲಿಲ್ಲ. ನನ್ನ ಒಬ್ಬಾಕಿ ಕೈಲೆ ಎತ್ತಾಕ ಆಗವಲ್ದು. ಹೆಣ ಇರೋ ಮನ್ಯಾಗ ಒಲಿ ಹಚ್ಚಂಗಿಲ್ಲ. ನಿಮಗ ಒಂದು ಗುಟುಕು ಚಾನೂ ಕೊಡಲಿಲ್ಲ. ತಪ್ಪು ತಿಳೀಬ್ಯಾಡ್ರಿ.”

ಯುವಕ ಹಿಂದಿನ ಗೋಡೆಯ ಕಡೆ ತಿರುಗಿ ನೋಡಿದ. ಅವನು ಒರಗಿ ಕೂತು ಮಾತಾಡಿದ ಗೋಡೆಯ ಆಚೆಗೇ ಹೆಣವಿತ್ತು. ಟೈ ಬಿಚ್ಚಿ ಜೇಬಿಗೆ ತುರುಕಿ ಒಳಗೆ ಹೋದ. ಮುದುಕ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಮೈ ಆಗಲೇ ಸೆಟೆದಿತ್ತು. ಒಂದು ಕೈ ಪಡಸಾಲೆಯ ಕಡೆಗೆ ಚಾಚಿಕೊಂಡಿತ್ತು. ಯುವಕ ಅದನ್ನು ಮಡಿಸಲು ನೋಡಿದ. ಅದು ಮಡಚಿಕೊಳ್ಳಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಆಮೇಲೆ ಅವನು ಆ ಮುದುಕಿಗೆ ಏನು ಹೇಳಿದ ಅಜ್ಜಾರೇ?”

“ಏನೂ ಹೇಳಲಿಲ್ಲ. ಇಬ್ಬರೂ ಹೆಗಲು ಕೊಟ್ಟರು. ಪರದೇಶದ ಹುಡುಗರು ಹೆಣ ಹೊತ್ತು ಬಾಗಿಲಿಗೆ ಬಂದದ್ದನ್ನು ಕಂಡು ಓಣಿಯವರೂ ಹೊರಬಂದರು.”

“ಛೇ! ಎಂಥ ಕುರುಡ!” ಎಂದ ಶಿಷ್ಯ. “ಚಹಾ ಬಾರದ ಮನೆಯಲ್ಲಿ ಏನೋ ಆಗಿದೆಯೆಂದು ತಿಳಿಯಬೇಡವೇ? ಕಣ್ಣೆದುರಿಗೆ ಇದ್ದದ್ದು ಕಾಣಬೇಡವೇ?”

“ಕಾಣಬೇಕಿತ್ತು,” ಎಂದರು ಗುರುಗಳು. “ಬೆಳಿಗ್ಗೆ ಅಂಗಳದಲ್ಲಿ ಜಾರಿ ಬಿದ್ದು, ತೆವಳಿಕೊಂಡು ಈ ಕಟ್ಟೆ ಹತ್ತಿದವನು ನಾನು ಇನ್ನೂ ಎದ್ದಿಲ್ಲ, ತಮ್ಮಾ, ನೀನು ದಾಟಿ ಬಂದ ಆ ಕೋಲನ್ನು ಈಗ ತಂದುಕೊಡುತ್ತೀಯಾ?”