ಮಂಗಟ್ಟೆಯ ಬಾಗಿಲಿಗೆ ಕೊಕ್ಕಿನಷ್ಟೇ ಬಿರುಕು

ಜಗತ್ತು ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಕಾಡಿಗೆ ಒಂದೇ ನಿಯಮವಿತ್ತು: ಕಾವು ಕೂತ ತಾಯಿಯ ಗೂಡಿಗೆ ಯಾರೂ ಇಣುಕಬಾರದು. ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಮುರಿದರು.

ಮಂಗಟ್ಟೆ ಎಂಬ ಉದ್ದ ಕೊಕ್ಕಿನ ಹಕ್ಕಿ ಹಳೇ ಮಾವಿನ ಮರದ ಪೊಟರೆಯಲ್ಲಿ ಒಂದೇ ಒಂದು ಮೊಟ್ಟೆ ಇಟ್ಟಳು. ಪೊಟರೆಯ ಬಾಯಿಗೆ ಮಣ್ಣು ಮೆತ್ತಿ, ಒಳಗೆ ಕಾವು ಕೂತಳು. ಅವಳ ಗಂಡ ಹಣ್ಣು ಹುಡುಕಿಕೊಂಡು ದೂರ ಹೋಗಿದ್ದ.

ಅಳಿಲು ಬಂತು. ‘ಅಕ್ಕಾ, ಒಂದೇ ಕಣ್ಣಲ್ಲಿ ನೋಡ್ತೀನಿ. ಇನ್ನೊಂದು ಮುಚ್ಚಿರ್ತೀನಿ’ ಎಂದು ಮಣ್ಣು ಕೆರೆದು ಇಣುಕಿತು.

ಕೋತಿ ಬಂತು. ‘ಬಾಗಿಲು ಹಾಕ್ಕೊಂಡು ಒಳಗೇನಕ್ಕಾ, ಚಕ್ಕುಲಿ ಕರೀತಿದ್ದೀಯಾ?’ ಎಂದು ಇನ್ನಷ್ಟು ಮಣ್ಣು ಕೆರೆದು ಇಣುಕಿತು.

ಗಾಳಿಯೂ ಬಂತು. ‘ನಾನೇನೂ ಕೆರೆದಿಲ್ಲಪ್ಪ, ತೆರೆದೇ ಇತ್ತು’ ಎಂದು ಒಳಗೇ ನುಗ್ಗಿತು.

‘ಮೊಟ್ಟೆ ತಣ್ಣಗಾಗ್ತಿದೆ. ಇನ್ನೂ ತಣ್ಣಗಾದ್ರೆ ಮರಿ ಬದುಕೋದಿಲ್ಲ’ ಎಂದಳು ತಾಯಿ.

‘ಸುಮ್ನೆ ಕುತೂಹಲ, ಅಷ್ಟೇ’ ಎಂದರು ಎಲ್ಲರೂ.

ಇಲ್ಲಿ ಒಂದು ಮಾತು, ಮಗು. ನೀನೂ ಏನಾದರೂ ಕೆದಕಿ ಸಿಕ್ಕಿಬಿದ್ದಾಗ ‘ಐ ವಾಸ್ ಕ್ಯೂರಿಯಸ್’ ಎನ್ನುತ್ತೀಯ. ಆ ಪದದ ಬೇರು ಲ್ಯಾಟಿನ್ ಭಾಷೆಯ ‘ಕೂರಾ’. ಕೂರಾ ಎಂದರೆ ಕಾಳಜಿ. ಕಾಳಜಿ ಇಲ್ಲದೆ ಇಣುಕುವವನಿಗೆ ಆ ಪದ ಆಡುವ ಹಕ್ಕಿಲ್ಲ. ಸರಿ, ಕಥೆಗೆ ಬರೋಣ.

ಅಷ್ಟರಲ್ಲಿ ಗಂಡು ಮಂಗಟ್ಟೆ ಅತ್ತಿಹಣ್ಣು ಕಚ್ಚಿಕೊಂಡು ಬಂದ.

ಕೋತಿ ಸರಿದು ಜಾಗ ಬಿಟ್ಟಿತು. ‘ಬನ್ನಿ ಭಾವ. ನಾವೆಲ್ಲ ನೋಡಾಯ್ತು. ನಿಮ್ಮದೇ ಮೊಟ್ಟೆ, ನೀವೇ ನೋಡಿಲ್ಲ ಅಂದ್ರೆ ಜನ ನಗ್ತಾರೆ.’

ಅವನಿಗೂ ನೋಡುವ ಆಸೆ ಇತ್ತು. ಬಹಳ ಇತ್ತು. ಕತ್ತು ತಾನಾಗಿಯೇ ತೂತಿನತ್ತ ಚಾಚಿತು. ಅವನು ಅದನ್ನು ಹಿಂದಕ್ಕೆ ಎಳೆದುಕೊಂಡ. ಹಣ್ಣನ್ನು ಕೊಂಬೆಯ ಕವಲಿನಲ್ಲಿಟ್ಟು, ಪಕ್ಕಕ್ಕೆ ಸರಿದು ಕೇಳಿದ.

‘ಏನು ಬೇಕು?’

‘ಮೊದಲು ಮಣ್ಣು. ಆಮೇಲೆ ಹಣ್ಣು.’

ಅವನು ಕೆರೆಯಂಚಿಗೆ ಹಾರಿದ. ಹಸಿಮಣ್ಣು ತಂದ, ಮತ್ತೆ ತಂದ, ಮತ್ತೆ ತಂದ. ಅವಳು ಒಳಗಿನಿಂದ ಮೆತ್ತುತ್ತ ಹೋದಳು. ಗಾಳಿ ಹೊರಗೇ ಉಳಿಯಿತು. ಹೊಟ್ಟೆಯಡಿಯ ಮೊಟ್ಟೆ ಮತ್ತೆ ಬೆಚ್ಚಗಾಯಿತು.

ಕೊನೆಯಲ್ಲಿ ಅವಳು ಮೆತ್ತುವುದನ್ನು ನಿಲ್ಲಿಸಿದಳು. ‘ಕೊಕ್ಕು ಹಿಡಿಯೋಷ್ಟು ಬಿರುಕು ಬಿಡ್ತೀನಿ. ಕಣ್ಣಿಗೆ ಜಾಗ ಇಲ್ಲ.’

‘ಅಷ್ಟು ಸಾಕು’ ಎಂದ ಅವನು.

ಅದಕ್ಕೇ ಮಗು, ಇವತ್ತಿಗೂ ಬೇಸಿಗೆಯಲ್ಲಿ ಮಂಗಟ್ಟೆಯ ಪೊಟರೆಗೆ ಸಣ್ಣ ಬಿರುಕೊಂದೇ ಬಾಗಿಲು. ಗಂಡು ಹಕ್ಕಿ ಅದರ ಮುಂದೆ ಕೂತು, ಒಮ್ಮೆಯೂ ಇಣುಕದೆ, ಹಣ್ಣನ್ನು ಒಳಗೆ ನೀಡುತ್ತಾನೆ.