ಮರುಮಾತಾಡದ ತಂತ್ರಾಂಶ

ಬೀಜಗಣಿತದ ಲೆಕ್ಕ ಬಿಡಿಸುವ ತಂತ್ರಾಂಶವೊಂದನ್ನು ಸುಗುಣಾ ವರ್ಷಗಟ್ಟಲೆ ಸಾಕಿಕೊಂಡು ಬಂದಿದ್ದಳು. ಯಾರು ಏನೇ ಟೈಪ್ ಮಾಡಲಿ, ಅದು ಮೊದಲು ತಪಾಸಣೆ ಮಾಡುತ್ತಿತ್ತು. ಸರಿಯಿಲ್ಲದಿದ್ದರೆ "ಇದು ಆಗದು" ಎನ್ನುತ್ತಿತ್ತು. ಒಂದು ದಿನ ಸಂಸ್ಥೆಯ ನಿರ್ದೇಶಕರು ಅವಸರದಲ್ಲಿ ಸೊನ್ನೆಯಿಂದ ಭಾಗಿಸಲು ಹೋದರು. ಅವರಿಗೂ ಅದೇ ಉತ್ತರ ಬಂತು.

ಅವರು ಕೆಂಡವಾದರು. "ನನಗೇ ಎದುರುತ್ತರವಾ? ಆ ತಪಾಸಣೆಯನ್ನೆಲ್ಲ ಕಿತ್ತುಹಾಕಿ. ಹೇಳಿದ್ದನ್ನು ತೆಪ್ಪಗೆ ಒಪ್ಪಿಕೊಳ್ಳಬೇಕು. ನಾಳೆ ಅತಿಥಿಗಳು ಬರ್ತಾರೆ!"

ಸುಗುಣಾಳಿಗೆ ವಾದ ಮಾಡುವ ತ್ರಾಣ ಉಳಿದಿರಲಿಲ್ಲ. ಇಂಥ ಅಪ್ಪಣೆ ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. "ಆಯ್ತು ಸರ್" ಎಂದು ಕಿತ್ತುಹಾಕಿದಳು.

ಮರುದಿನ ಅತಿಥಿಗಳೆದುರು ನಿರ್ದೇಶಕರೇ ಟೈಪ್ ಮಾಡಲು ಕೂತರು.

"ಎಕ್ಸ್, ವೈ ಬದಲು ಯಾವ ಹೆಸರಾದ್ರೂ ಹಾಕಬಹುದು ಸರ್," ಎಂದಳು ಸುಗುಣಾ. "ಒಂದು ಕಡೆ ನಿರ್ದೇಶಕ ಇಂಟು ಸೊನ್ನೆ, ಇನ್ನೊಂದು ಕಡೆ ಜವಾನ ಇಂಟು ಸೊನ್ನೆ. ಎರಡೂ ಸೊನ್ನೆಯೇ, ಸಮ ತಾನೆ?"

"ಹೌದಲ್ಲ!"

"ನಿನ್ನೆ ನಿಮಗೆ ಆಗದು ಅಂದಿತ್ತಲ್ಲ, ಈಗ ಅದನ್ನೇ ಮಾಡಿ. ಎರಡೂ ಕಡೆ ಸೊನ್ನೆಯಿಂದ ಭಾಗಿಸಿ."

ನಿರ್ದೇಶಕರು ಗತ್ತಿನಿಂದ ಭಾಗಿಸಿದರು. ತಂತ್ರಾಂಶ ತುಟಿಪಿಟಕ್ಕೆನ್ನಲಿಲ್ಲ. ಸೊನ್ನೆಗಳನ್ನು ಹೊಡೆದುಹಾಕಿ ದೊಡ್ಡ ಪರದೆಯ ಮೇಲೆ ಉತ್ತರ ತೋರಿಸಿತು: ನಿರ್ದೇಶಕ = ಜವಾನ.

ಟೀ ತಂದಿದ್ದ ಜವಾನ ದುರ್ಗೋಜಿ ಪರದೆ ನೋಡಿದ. ತಟ್ಟೆ ಕೆಳಗಿಟ್ಟು, ನಿರ್ದೇಶಕರ ಪಕ್ಕದ ಕುರ್ಚಿ ಎಳೆದು ಕೂತು, ಒಂದು ಲೋಟ ಕೈಗೆತ್ತಿಕೊಂಡ.

"ತಪ್ಪು ಅಂತ ಹೇಳಬೇಡವೇನ್ರೀ ಅದು?" ನಿರ್ದೇಶಕರು ಕೂಗಿದರು.

"ಹೇಳ್ತಿತ್ತು ಸರ್," ಸುಗುಣಾ ಆಕಳಿಸಿದಳು. "ನೀವೇ ಬಾಯಿ ಮುಚ್ಚಿಸಿದ್ರಿ."

ನಿರ್ದೇಶಕರು ಅಲ್ಲೇ ನಿಂತು ತಪಾಸಣೆಯನ್ನು ವಾಪಸ್ ಹಾಕಿಸಿದರು. ದುರ್ಗೋಜಿ ಮಾತ್ರ ಟೀ ಪೂರ್ತಿ ಕುಡಿದೇ ಕುರ್ಚಿಯಿಂದ ಎದ್ದ.